ಬೇರಿನ ತುದಿಯ ಹದಿನಾರು

ಪದವಿಯ ಮೊದಲ ವರ್ಷದಲ್ಲಿ ಜೀವಕೋಶ ಮತ್ತು ತಳಿವಿಜ್ಞಾನದ ಪಾಠ ಶುರುವಾದಾಗ ವಿದ್ಯಾರ್ಥಿಗಳ ಕಿವಿಗೆ ಬೀಳುವುದು ಹೆಸರುಗಳ ಮಳೆ. ಮೈಟೊಕಾಂಡ್ರಿಯ, ರೈಬೋಸೋಮ್, ಸೆಂಟ್ರೊಮಿಯರ್, ಕ್ರೊಮ್ಯಾಟಿಡ್. ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಬಾಯಿಪಾಠ ಮಾಡಿ ಪರೀಕ್ಷೆ ದಾಟುವವರೇ ಹೆಚ್ಚು. ಇದೇ ಕೋರ್ಸಿನ ಪ್ರಾಯೋಗಿಕ ತರಗತಿಯಲ್ಲಿ ಒಂದು ಕೆಲಸವಿದೆ. ಅದನ್ನು ಒಮ್ಮೆ ಕೈಯಾರೆ ಸರಿಯಾಗಿ ಮಾಡಿದವರಿಗೆ ವರ್ಣತಂತು ಆಮೇಲೆ ಎಂದೂ ಬರೀ ಹೆಸರಾಗಿ ಉಳಿಯುವುದಿಲ್ಲ. ಈರುಳ್ಳಿ ಬೇರಿನ ತುದಿಗೆ ಬಣ್ಣ ಹಿಡಿಸಿ, ಗಾಜಿನ ಮೇಲಿಟ್ಟು, ಹೆಬ್ಬೆರಳಿನಿಂದ ಒತ್ತಿ, ಇಬ್ಭಾಗವಾಗುತ್ತಿರುವ ಕೋಶಗಳನ್ನು ನೋಡುವ ಕೆಲಸ ಅದು. ಲ್ಯಾಬಿನಲ್ಲಿ ಎಲ್ಲರೂ ಅದಕ್ಕೆ ಸ್ಕ್ವಾಶ್ ಅನ್ನುತ್ತಾರೆ.

ಈರುಳ್ಳಿಗೆ ಈ ಮರ್ಯಾದೆ ಸುಮ್ಮನೆ ಸಿಕ್ಕಿದ್ದಲ್ಲ. ಅದರ ಕೋಶದಲ್ಲಿರುವುದು ಹದಿನಾರೇ ವರ್ಣತಂತು. ಒಂದೊಂದೂ ದಪ್ಪ, ಉದ್ದ, ಕಾಲೇಜಿನ ಸಾಧಾರಣ ಸೂಕ್ಷ್ಮದರ್ಶಕಕ್ಕೂ ಸಿಗುವಷ್ಟು ದೊಡ್ಡದು. ಭತ್ತಕ್ಕೆ 24 ಇವೆ; ಆದರೆ ಹೊಸಬರ ಕಣ್ಣಿಗೆ ಅವು ಚುಕ್ಕೆಗಿಂತ ಹೆಚ್ಚೇನೂ ಅಲ್ಲ. ನಾವು ಬೆಳೆಯುವ ಕಬ್ಬಿನ ತಳಿಗಳಲ್ಲಂತೂ ಲೆಕ್ಕ ನೂರನ್ನು ದಾಟುತ್ತದೆ. ಆ ಕಬ್ಬಿನ ಕೋಶಗಳ ಮೇಲೆಯೇ ದುಡಿದು ಹೆಸರಾದವರು ಇ.ಕೆ. ಜಾನಕಿ ಅಮ್ಮಾಳ್. ಸಿ.ಡಿ. ಡಾರ್ಲಿಂಗ್ಟನ್ ಜೊತೆಗೂಡಿ ಅವರು 1945ರಲ್ಲಿ ಬೆಳೆಗಿಡಗಳ ವರ್ಣತಂತುಗಳ ಸಂಖ್ಯೆಯನ್ನೆಲ್ಲ ಒಂದೇ ಪುಸ್ತಕದಲ್ಲಿ ಕೂಡಿಟ್ಟರು. ಅಂಥ ಕೈ ಪಳಗುವುದಕ್ಕೆ ಮೊದಲು ಈರುಳ್ಳಿಯೇ ಸರಿ. ಸಾಂಬಾರಿಗೆ ಹಾಕುವ ಸಣ್ಣ ಈರುಳ್ಳಿಗೂ ಅದೇ ಹದಿನಾರು, ಬೆಳ್ಳುಳ್ಳಿಗೂ ಹದಿನಾರು.

ಕಸುಬು ಶುರುವಾಗುವುದು ಬೇರು ಬರಿಸುವುದರಿಂದ. ಹೊಲದಿಂದ ಆಗ ತಾನೆ ಕಿತ್ತು ತಂದ ಗಡ್ಡೆಯನ್ನು ನೀರಿನ ಮೇಲಿಟ್ಟರೆ ಅದು ಸುಮ್ಮನೆ ಕೂತಿರುತ್ತದೆ. ಕೊಯ್ಲಾದ ಮೇಲೆ ಕೆಲವು ವಾರ ಅದಕ್ಕೆ ನಿದ್ದೆಯ ಕಾಲ. ಅಂಗಡಿಯಲ್ಲಿ ಹಳತಾಗಿ, ಇನ್ನೇನು ಮೊಳಕೆ ಒಡೆಯಬೇಕು ಅನ್ನುವಂಥದ್ದನ್ನು ಆರಿಸಬೇಕು. ತಳದಲ್ಲಿ ಅಂಟಿಕೊಂಡಿರುವ ಒಣ ಬೇರುಗಳನ್ನು ಬ್ಲೇಡಿನಿಂದ ಕೆರೆಯುವಾಗ ಹೊಸ ಬೇರು ಹುಟ್ಟುವ ಉಂಗುರಕ್ಕೆ ಗಾಯವಾಗಬಾರದು. ಗಡ್ಡೆಯ ತಳ ನೀರಿಗೆ ತಾಕಿದರೆ ಸಾಕು, ಮುಳುಗಿದರೆ ಕೊಳೆಯುತ್ತದೆ. ದಿನಕ್ಕೊಮ್ಮೆ ನೀರು ಬದಲಿಸುತ್ತಿದ್ದರೆ ಮೂರು ನಾಲ್ಕು ದಿನದಲ್ಲಿ ಬೆಳ್ಳಗಿನ ಬೇರುಗಳು ಇಳಿಬೀಳುತ್ತವೆ. ಒಂದೆರಡು ಸೆಂಟಿಮೀಟರ್ ಉದ್ದವಾದಾಗ ಕತ್ತರಿಸಬೇಕು.

ಯಾವ ಹೊತ್ತಿನಲ್ಲಿ ಕತ್ತರಿಸಬೇಕು ಅನ್ನುವುದರ ಬಗ್ಗೆ ಪ್ರತಿ ಲ್ಯಾಬಿಗೂ ಅದರದೇ ನಂಬಿಕೆಯಿದೆ. ಬಹಳ ಜನ ಬೆಳಗಿನ ಹೊತ್ತನ್ನೇ ಹೇಳುತ್ತಾರೆ. ಹೊತ್ತು ಯಾವುದಾದರೂ, ಕತ್ತರಿಸಿದ ತುದಿ ಆ ಕ್ಷಣವೇ ಕಾರ್ನಾಯ್ ದ್ರಾವಣಕ್ಕೆ ಬೀಳಬೇಕು. ಮೂರು ಪಾಲು ಆಲ್ಕೊಹಾಲ್‌ಗೆ ಒಂದು ಪಾಲು ಗ್ಲೇಸಿಯಲ್ ಅಸಿಟಿಕ್ ಆಮ್ಲ ಬೆರೆಸಿದ್ದು ಅದು. ಅದರೊಳಗೆ ಹೋದ ಕೋಶ ಯಾವ ಭಂಗಿಯಲ್ಲಿತ್ತೋ ಅದೇ ಭಂಗಿಯಲ್ಲಿ ಸಾಯುತ್ತದೆ. ವರ್ಣತಂತುಗಳನ್ನು ಅರ್ಧ ದಾರಿಗೆ ಎಳೆದೊಯ್ದಿದ್ದ ಕೋಶದಲ್ಲಿ ಅವು ಅಲ್ಲೇ ನಿಂತುಬಿಡುತ್ತವೆ. ಕತ್ತರಿಸಿದ ಬೇರನ್ನು ಮೇಜಿನ ಮೇಲಿಟ್ಟುಕೊಂಡು ಬಾಟಲಿ ಹುಡುಕುತ್ತ ಕೂತರೆ ಸಿಗುವುದು ಮುದುಡಿದ ಕೋಶಗಳು ಮಾತ್ರ. ಒಂದು ದಿನ ಕಾರ್ನಾಯ್‌ನಲ್ಲಿಟ್ಟು, ಆಮೇಲೆ ಶೇ 70ರ ಆಲ್ಕೊಹಾಲ್‌ಗೆ ವರ್ಗಾಯಿಸಿ ಫ್ರಿಜ್ಜಿನಲ್ಲಿಟ್ಟರೆ ತಿಂಗಳುಗಟ್ಟಲೆ ಬಳಸಬಹುದು.

ಸಸ್ಯಕೋಶಗಳು ಒಂದಕ್ಕೊಂದು ಪೆಕ್ಟಿನ್ ಎಂಬ ಅಂಟಿನಿಂದ ಬೆಸೆದುಕೊಂಡಿರುತ್ತವೆ. ಅದನ್ನು ಸಡಿಲಿಸದೆ ಒತ್ತಿದರೆ ಬೇರು ಗಟ್ಟಿ ಮುದ್ದೆಯಾಗಿಯೇ ಉಳಿಯುತ್ತದೆ. ಹಾಗಾಗಿ ತುದಿಗಳನ್ನು 60 ಡಿಗ್ರಿ ಬಿಸಿಯ, ತೆಳು ಮಾಡಿದ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಕೆಲವು ನಿಮಿಷ ಇಡುತ್ತಾರೆ. ಅವಧಿ ಕಡಿಮೆಯಾದರೆ ಕೋಶಗಳು ಬಿಡುವುದಿಲ್ಲ, ಹೆಚ್ಚಾದರೆ ಬಣ್ಣ ಹಿಡಿಯುವುದಿಲ್ಲ. ಮುಟ್ಟಿದರೆ ಮೆತ್ತಗಾಗಿರಬೇಕು, ಎತ್ತಿದರೆ ಹರಿಯಬಾರದು. ಈ ಹದ ಪುಸ್ತಕದಿಂದ ಬರುವುದಿಲ್ಲ. ಪಕ್ಕದಲ್ಲಿ ನಿಂತು ಸೂಜಿಯ ತುದಿಯಿಂದ ತೋರಿಸುವ ಮೇಷ್ಟ್ರೋ ಮೇಡಮ್ಮೋ ಬೇಕು.

ಮುಂದಿನದು ಬಣ್ಣ. ಅಸಿಟೊಕಾರ್ಮಿನ್‌ನ ಕಡುಗೆಂಪು ಕಳ್ಳಿಗಿಡಗಳ ಮೇಲೆ ಬದುಕುವ ಕೊಚಿನೀಲ್ ಕೀಟದಿಂದ ತೆಗೆದದ್ದು. ಅದನ್ನು ಶೇ 45ರ ಅಸಿಟಿಕ್ ಆಮ್ಲದಲ್ಲಿ ಕುದಿಸಿ ಸೋಸಿದರೆ ದ್ರಾವಣ ಸಿದ್ಧ. ವಾಚ್ ಗ್ಲಾಸಿನಲ್ಲಿ ನೆನೆದ ಬೇರನ್ನು ಗಮನವಿಟ್ಟು ನೋಡಿದರೆ ಅದರ ಕೊಟ್ಟ ಕೊನೆಯ ಒಂದೆರಡು ಮಿಲಿಮೀಟರ್ ಮಾತ್ರ ಗಾಢವಾಗಿ ಕೆಂಪೇರಿ, ಮೇಲಿನ ಭಾಗ ತಿಳಿ ಗುಲಾಬಿಯಾಗಿಯೇ ಉಳಿದಿರುತ್ತದೆ. ಕೋಶಗಳು ಒತ್ತೊತ್ತಾಗಿ ಹುಟ್ಟುತ್ತಿರುವುದು ಆ ಗಾಢ ತುಣುಕಿನಲ್ಲಿ. ಮೇಲಿನ ಕೋಶಗಳು ವಿಭಜನೆ ಮುಗಿಸಿ ಉದ್ದಕ್ಕೆ ಬೆಳೆಯುತ್ತಿರುವಂಥವು. ಹೊಸ ವಿದ್ಯಾರ್ಥಿಗಳು ಧಾರಾಳವಾಗಿ ಅರ್ಧ ಸೆಂಟಿಮೀಟರ್ ಕತ್ತರಿಸಿ ಇಟ್ಟುಬಿಡುತ್ತಾರೆ. ಆಗ ಸ್ಲೈಡಿನ ತುಂಬ ಉದ್ದುದ್ದ ಕೋಶಗಳು, ವಿಭಜನೆ ಒಂದೂ ಇಲ್ಲ. ಸಾಸಿವೆಗಿಂತ ಚಿಕ್ಕದಾದ ಆ ಕೆಂಪು ತುಣುಕನ್ನಷ್ಟೇ ಉಳಿಸಿಕೊಂಡು ಮಿಕ್ಕಿದ್ದನ್ನು ಬಿಸಾಡುವ ಧೈರ್ಯ ಬರಬೇಕು.

ತುಣುಕಿನ ಮೇಲೆ ಒಂದು ಹನಿ ಬಣ್ಣ ಬಿಟ್ಟು, ಕವರ್ ಸ್ಲಿಪ್ಪನ್ನು ಓರೆಯಾಗಿ ಇಳಿಸಬೇಕು, ಗಾಳಿಗುಳ್ಳೆ ಸಿಕ್ಕಿಕೊಳ್ಳದ ಹಾಗೆ. ಬೆಂಕಿಕಡ್ಡಿಯ ಹಿಂತುದಿಯಿಂದ ಮೇಲಿನಿಂದ ಮೆಲ್ಲಗೆ ತಟ್ಟುತ್ತ ಹೋದರೆ ತುಣುಕು ಸಡಿಲಗೊಂಡು ತೆಳ್ಳಗೆ ಹರಡಿಕೊಳ್ಳುತ್ತದೆ. ಸ್ಲೈಡನ್ನು ಸ್ಪಿರಿಟ್ ದೀಪದ ಮೇಲೆ ಒಂದೆರಡು ಸಲ ಹಾಯಿಸುತ್ತಾರೆ. ಬಿಸಿ ಎಷ್ಟು ಅಂದರೆ ಮುಂಗೈ ಹಿಂಬದಿಗೆ ತಾಗಿಸಿದಾಗ ತಡೆದುಕೊಳ್ಳುವಷ್ಟು. ಹನಿ ಕುದಿಯಿತೋ, ಕೆಲಸ ಕೆಟ್ಟಿತು. ಮಡಿಸಿದ ಬ್ಲಾಟಿಂಗ್ ಪೇಪರಿನ ನಡುವೆ ಸ್ಲೈಡನ್ನಿಟ್ಟು ಹೆಬ್ಬೆರಳಿನಿಂದ ನೇರ ಕೆಳಕ್ಕೆ ಒತ್ತುವುದು ಕೊನೆಯ ಹೆಜ್ಜೆ. ಒತ್ತಡಕ್ಕೆ ಹೆದರಬೇಕಿಲ್ಲ, ಪಕ್ಕಕ್ಕೆ ಜಾರುವುದಕ್ಕೆ ಹೆದರಬೇಕು. ಕವರ್ ಸ್ಲಿಪ್ ಕೂದಲೆಳೆಯಷ್ಟು ಸರಿದರೂ ಕೋಶಗಳು ಸುರುಳಿ ಸುತ್ತಿಕೊಂಡು ಒಂದೂ ಓದಲು ಸಿಗುವುದಿಲ್ಲ.

ಸೂಕ್ಷ್ಮದರ್ಶಕದಲ್ಲಿ ಮೊದಲು ಕಡಿಮೆ ಶಕ್ತಿಯ ಮಸೂರದಲ್ಲಿ ಊರು ಸುತ್ತಬೇಕು. ಚೌಕಾಕಾರದ ಕೋಶಗಳ ಗುಂಪು, ಪ್ರತಿಯೊಂದರ ನಡುವೆ ದೊಡ್ಡ ಕೋಶಕೇಂದ್ರ ಕಂಡರೆ ತುದಿ ಸರಿಯಾಗಿ ಸಿಕ್ಕಿದೆ ಎಂದರ್ಥ. ಬಹುಪಾಲು ಕೋಶಗಳಲ್ಲಿ ಕೇಂದ್ರ ಉರುಟಾಗಿ, ನಯವಾಗಿರುತ್ತದೆ, ಅವು ಇಂಟರ್‌ಫೇಸಿನವು. ಅವುಗಳ ನಡುವೆ ಕೆಲವು ಕೇಂದ್ರಗಳು ಶ್ಯಾವಿಗೆ ಉಂಡೆಯ ಹಾಗೆ ಎಳೆ ಎಳೆಯಾಗಿ ಕಾಣುತ್ತವೆ, ಅದು ಪ್ರೊಫೇಸ್. ದೊಡ್ಡ ಮಸೂರಕ್ಕೆ ತಿರುಗಿಸಿದರೆ ನಡುಗೆರೆಯಲ್ಲಿ ಸಾಲುಗಟ್ಟಿ ನಿಂತ ಮೆಟಫೇಸ್, ಎರಡು ತಂಡವಾಗಿ ದೂರ ಸರಿಯುತ್ತಿರುವ ಅನಫೇಸ್, ಎರಡು ಹೊಸ ಕೇಂದ್ರಗಳ ನಡುವೆ ಗೋಡೆ ಏಳುತ್ತಿರುವ ಟೀಲೊಫೇಸ್ ಒಂದೊಂದಾಗಿ ಸಿಗುತ್ತವೆ. ಅನಫೇಸನ್ನು ಮೊದಲ ಸಲ ತಾನೇ ಹುಡುಕಿಕೊಂಡ ವಿದ್ಯಾರ್ಥಿ ಪಕ್ಕದವರನ್ನು ಕರೆಯದೆ ಇರುವುದಿಲ್ಲ.

ನನಗೆ ಈ ಅಭ್ಯಾಸದಲ್ಲಿ ಅತಿ ಹೆಚ್ಚು ಮೆಚ್ಚುಗೆಯಾಗುವುದು ಇದರ ಮುಂದಿನ ಎಣಿಕೆ. ಒಂದೇ ಸ್ಲೈಡಿನ ಕೆಲವು ನೂರು ಕೋಶಗಳಲ್ಲಿ ಯಾವ ಹಂತದವು ಎಷ್ಟಿವೆ ಎಂದು ಪಟ್ಟಿ ಮಾಡಿಸುತ್ತಾರೆ. ಪ್ರೊಫೇಸ್ ಧಾರಾಳ, ಅನಫೇಸ್ ಅಪರೂಪ. ಕಾರಣ ಸರಳ: ಹೆಚ್ಚು ಹೊತ್ತು ಹಿಡಿಯುವ ಹಂತದಲ್ಲಿ ಹೆಚ್ಚು ಕೋಶಗಳು ಸಿಕ್ಕಿಬಿದ್ದಿರುತ್ತವೆ, ಬೇಗ ಮುಗಿಯುವ ಹಂತದಲ್ಲಿ ಕಡಿಮೆ. ಸತ್ತು ನಿಂತ ಕೋಶಗಳನ್ನು ಎಣಿಸಿ, ಬದುಕಿದ್ದಾಗ ಪ್ರತಿ ಹಂತಕ್ಕೆ ಎಷ್ಟು ಹೊತ್ತು ಹಿಡಿಯುತ್ತಿತ್ತು ಎಂದು ಅಂದಾಜು ಮಾಡಬಹುದು. ಗಡಿಯಾರವೇ ಇಲ್ಲದೆ ಕಾಲವನ್ನು ಅಳೆಯುವ ಇಂಥ ಚಂದದ ಉಪಾಯ ಮೊದಲ ವರ್ಷದ ಪಠ್ಯದಲ್ಲಿ ಇನ್ನೊಂದಿಲ್ಲ.

ಸಿದ್ಧ ಸ್ಲೈಡುಗಳು ಪೆಟ್ಟಿಗೆಗಟ್ಟಲೆ ಸಿಗುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಆ ಸ್ಲೈಡುಗಳಲ್ಲಿ ಬಹಳಷ್ಟು ಬೇರನ್ನು ಉದ್ದಕ್ಕೆ ತೆಳ್ಳಗೆ ಸೀಳಿ ಮಾಡಿದವು. ಹಂತಗಳನ್ನು ಗುರುತಿಸಲು ಅವು ಸಾಕು, ಎಣಿಸಲು ಸಾಲದು. ಸೀಳುವ ಅಲಗು ಕೋಶವನ್ನೂ ಸೀಳುತ್ತದೆ, ಕೆಲವು ವರ್ಣತಂತುಗಳು ಪಕ್ಕದ ಸೀಳಿನಲ್ಲಿ ಉಳಿಯುತ್ತವೆ. ಇಡೀ ಕೋಶವನ್ನು ಒಡೆಯದೆ ಚಪ್ಪಟೆ ಮಾಡಿ ಎಲ್ಲವನ್ನೂ ಒಂದೇ ಸಮತಲಕ್ಕೆ ತರುವುದು ಸ್ಕ್ವಾಶ್‌ನ ಹೆಗ್ಗಳಿಕೆ. ಈ ವ್ಯತ್ಯಾಸದ ಬೆಲೆ ಎಷ್ಟು ಎಂಬುದಕ್ಕೆ ಮನುಷ್ಯನ ವರ್ಣತಂತುಗಳ ಕಥೆಯೇ ಸಾಕ್ಷಿ. 1923ರಲ್ಲಿ ಥಿಯೋಫಿಲಸ್ ಪೇಂಟರ್ ಸೀಳಿದ ಅಂಗಾಂಶವನ್ನು ನೋಡಿ 48 ಎಂದು ಹೇಳಿದ ಮೇಲೆ ಮೂರು ದಶಕ ಎಲ್ಲರೂ 48 ಎಂದೇ ನಂಬಿದರು, ಪಠ್ಯಪುಸ್ತಕಗಳಲ್ಲೂ ಅದೇ ಅಚ್ಚಾಯಿತು. ಅದನ್ನು ತಿದ್ದಿದ್ದು ಸಸ್ಯಗಳ ಮೇಲೆ ಪಳಗಿದ ಕೈಗಳು. ಸ್ವೀಡನ್ನಿನ ಲುಂಡ್‌ನಲ್ಲಿ ಆಲ್ಬರ್ಟ್ ಲೆವಾನ್ 1938ರಷ್ಟು ಹಿಂದೆಯೇ ಈರುಳ್ಳಿ ಬೇರಿನ ಮೇಲೆ ಕಾಲ್ಚಿಸಿನ್ ಎಂಬ ರಾಸಾಯನಿಕವನ್ನು ಪ್ರಯೋಗಿಸಿ, ಅದು ವಿಭಜನೆಯನ್ನು ನಡುದಾರಿಯಲ್ಲಿ ತಡೆದು ವರ್ಣತಂತುಗಳನ್ನು ಹೇಗೆ ಬಿಡಿಬಿಡಿಯಾಗಿ ನಿಲ್ಲಿಸುತ್ತದೆ ಎಂದು ವಿವರಿಸಿದ್ದರು. ಅವರ ಲ್ಯಾಬಿನಲ್ಲೇ ಜೋ ಹಿನ್ ಜಿಯೊ ಮನುಷ್ಯನ ಭ್ರೂಣದ ಶ್ವಾಸಕೋಶದ ಕೋಶಗಳಿಗೆ ಕಾಲ್ಚಿಸಿನ್ ಕೊಟ್ಟು, ತೆಳು ದ್ರಾವಣದಲ್ಲಿ ಉಬ್ಬಿಸಿ, ಸ್ಕ್ವಾಶ್ ಮಾಡಿ ಎಣಿಸಿದರು. 46 ಬಂತು. ಇಬ್ಬರೂ ಸೇರಿ ಅದನ್ನು 1956ರಲ್ಲಿ ಪ್ರಕಟಿಸಿದರು. ಸರಿಯಾದ ಲೆಕ್ಕ ಕೈಗೆ ಬಂದ ಮೂರೇ ವರ್ಷಕ್ಕೆ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ 47 ವರ್ಣತಂತುಗಳಿವೆ ಎಂಬುದು ಫ್ರಾನ್ಸಿನಲ್ಲಿ ತಿಳಿದುಬಂತು. ಹೆಚ್ಚಿನ ಒಂದನ್ನು ಕಾಣಬೇಕಾದರೆ ಮೊದಲು ಇರಬೇಕಾದದ್ದು ಎಷ್ಟು ಎಂದು ಗೊತ್ತಿರಬೇಕಲ್ಲ.

ಕೋಶದ ಪಾಠ ತಳಿವಿಜ್ಞಾನಕ್ಕೆ ಹೊರಳುವುದು ಇದರ ಮುಂದಿನ ಅಭ್ಯಾಸದಲ್ಲಿ, ಮಿಡತೆಯ ವೃಷಣದ ಸ್ಕ್ವಾಶ್‌ನಲ್ಲಿ. ಪ್ರಾಣಿಗಳ ಬಳಕೆ ತಗ್ಗಿಸಬೇಕೆಂಬ ಕಾಳಜಿಯಿಂದ ಈಗ ಹಲವು ಕಾಲೇಜುಗಳು ಹೂಮೊಗ್ಗುಗಳ ಮೊರೆಹೋಗಿವೆ, ಅದು ಒಳ್ಳೆಯದೇ. ಆದರೂ ಮಿಡತೆಗೆ ಇಲ್ಲಿ ದೊಡ್ಡ ಜಾಗವಿದೆ. ಬಟಾಣಿಯ ಲೆಕ್ಕಗಳಿಂದ ಮೆಂಡಲ್ ಊಹಿಸಿದ್ದ ಅಂಶಗಳು ಜೋಡಿಯಾಗಿ ಇದ್ದು ಬೇರ್ಪಡುವ ರೀತಿಗೂ, ಲಿಂಗಕೋಶಗಳು ತಯಾರಾಗುವಾಗ ವರ್ಣತಂತುಗಳು ಜೋಡಿಯಾಗಿ ಬೇರ್ಪಡುವ ರೀತಿಗೂ ಹೊಂದಿಕೆಯಿರುವುದನ್ನು ವಾಲ್ಟರ್ ಸಟನ್ 1902ರಲ್ಲಿ ಕಂಡದ್ದು ಅಮೆರಿಕದ ಒಂದು ದಪ್ಪ ಮಿಡತೆಯಲ್ಲಿ. ಅವರ ಗುರು ಮೆಕ್‌ಕ್ಲಂಗ್ ಅದೇ ಹೊತ್ತಿಗೆ, ಮಿಡತೆಗಳಲ್ಲಿ ಜೋಡಿಯಿಲ್ಲದೆ ಉಳಿಯುವ ಒಂಟಿ ವರ್ಣತಂತುವೇ ಲಿಂಗವನ್ನು ನಿರ್ಧರಿಸುತ್ತದೆ ಎಂದರು. ಆದರೆ ಅದು ಗಂಡನ್ನು ಹುಟ್ಟಿಸುತ್ತದೆ ಎಂದು ಭಾವಿಸಿದರು, ಯಾಕೆಂದರೆ ಹೆಣ್ಣಿನ ವರ್ಣತಂತುಗಳ ಎಣಿಕೆ ತಪ್ಪಾಗಿತ್ತು. 1905ರಲ್ಲಿ ನೆಟ್ಟಿ ಸ್ಟೀವನ್ಸ್ ಮತ್ತು ಎಡ್ಮಂಡ್ ವಿಲ್ಸನ್, ಬೇರೆ ಬೇರೆಯಾಗಿ ಬೇರೆ ಕೀಟಗಳನ್ನು ಎಣಿಸಿ ಅದನ್ನು ಸರಿಪಡಿಸಿದರು.

ನಮ್ಮಲ್ಲಿ ಎಕ್ಕದ ಗಿಡದ ಮೇಲೆ ಕೂರುವ ಹಳದಿ-ನೀಲಿ ಪಟ್ಟೆಯ ಮಿಡತೆಯಲ್ಲೂ ಇದೇ ಲೆಕ್ಕ ಸಿಗುತ್ತದೆ. ಗಂಡಿನ ಕೋಶದಲ್ಲಿ 19, ಹೆಣ್ಣಿನಲ್ಲಿ 20. ಗಂಡಿನ ಒಂಟಿ ಎಕ್ಸ್ ವರ್ಣತಂತುವಿಗೆ ಜೊತೆಗಾರ ಇಲ್ಲ. ವಿಭಜನೆಯಲ್ಲಿ ಅದು ಒಂದು ಪಕ್ಕಕ್ಕೆ ಇಡಿಯಾಗಿ ಹೋಗುತ್ತದೆ. ಅರ್ಧ ವೀರ್ಯಾಣುಗಳಿಗೆ ಹತ್ತು, ಉಳಿದರ್ಧಕ್ಕೆ ಒಂಬತ್ತು. ಅಂಡಗಳಿಗೆಲ್ಲ ಹತ್ತು. ಹತ್ತಕ್ಕೆ ಹತ್ತು ಸೇರಿದರೆ ಹೆಣ್ಣು, ಹತ್ತಕ್ಕೆ ಒಂಬತ್ತು ಸೇರಿದರೆ ಗಂಡು.