ದೇವರಿಗೆ ಮೊದಲ ಸ್ಥಾನ



ತಂದೆತಾಯಿ, ಮಕ್ಕಳಿಗಿಂತ ಹೆಚ್ಚಾಗಿ ತಮ್ಮನ್ನು ಪ್ರೀತಿಸಬೇಕೆಂದು ಯೇಸುಸ್ವಾಮಿ ಕೇಳುತ್ತಾರೆ (ಮತ್ತಾಯ 10:37). ‘ಹಾಗಾದ್ರೆ ಮನೆಯವರನ್ನ ಬಿಟ್ಟುಬಿಡಬೇಕಾ?’ ಎಂದು ನಮ್ಮಲ್ಲಿ ಅನೇಕರಿಗೆ ಅನ್ನಿಸುತ್ತದೆ. ಖಂಡಿತ ಇಲ್ಲ. ತಂದೆತಾಯಿಯನ್ನು ಗೌರವಿಸಬೇಕೆಂಬುದು ದಶಾಜ್ಞೆಗಳಲ್ಲೇ ಇದೆ. ಶಿಲುಬೆಯ ಮೇಲಿದ್ದಾಗಲೂ ಯೇಸು ತಮ್ಮ ತಾಯಿಯನ್ನು ಶಿಷ್ಯನ ಕೈಗೆ ಒಪ್ಪಿಸಿದರು (ಯೊವಾನ್ನ 19:26-27).

ಹಾಗಾದರೆ ದೇವರಿಗೆ ಮೊದಲ ಸ್ಥಾನ ಅಂದರೇನು? ಮನೆಯವರ ಮೇಲಿನ ಪ್ರೀತಿ ನಮ್ಮನ್ನು ತಪ್ಪು ದಾರಿಗೆ ಎಳೆದಾಗ ದೇವರ ಮಾತಿಗೆ ನಿಲ್ಲುವುದು.

ಮಗ ಬೈಕ್ ಬೇಕೆಂದು ಹಠ ಹಿಡಿದಿದ್ದಾನೆ ಅಂದುಕೊಳ್ಳೋಣ. ಹಸು ಕೊಳ್ಳಲು ಎಂದು ಬರೆಸಿ ಸಂಘದಿಂದ ಸಾಲ ತಂದುಕೊಟ್ಟರೆ ಅವನಿಗೆ ಖುಷಿ. ಆದರೆ ಅದರಲ್ಲಿ ಬೇರೆ ಅಕ್ಕತಂಗಿಯರ ಕೂಲಿಯ ದುಡ್ಡಿದೆ. ಮಗನೂ ಸುಳ್ಳು ಕಲಿಯುತ್ತಾನೆ. ‘ಸುಳ್ಳು ಹೇಳಿ ಸಾಲ ತರಲ್ಲ ಕಣಪ್ಪ’ ಅಂದರೆ ಅವನು ಎರಡು ದಿನ ಮಾತು ಬಿಡಬಹುದು, ಊಟವನ್ನೂ ಬಿಡಬಹುದು. ತಾಯಿಯ ಕರುಳು ಉರಿಯುತ್ತದೆ, ನಿಜ. ಆ ನೋವನ್ನು ದೇವರಿಗೆ ಒಪ್ಪಿಸೋಣ. ದೇವರನ್ನು ಮುಂದಿಟ್ಟ ತಾಯಿ ಮಗನನ್ನೂ ಸರಿಯಾಗಿ ಪ್ರೀತಿಸುತ್ತಾಳೆ.

ಮುಂದಿನ ವಾರದ ಸಭೆಯಲ್ಲಿ ಚರ್ಚಿಸೋಣ: ಮನೆಯವರ ಮೇಲಿನ ಪ್ರೀತಿಗಾಗಿ ನಾವು ಯಾವ ಸುಳ್ಳಿಗೆ ಒಪ್ಪುತ್ತಿದ್ದೇವೆ?