ಪಟ್ಟಿಯ ಹೆಸರೂ ದಂಡಿನ ಕರೆಯೂ

ಅಮೆರಿಕದಲ್ಲಿ ನೆಲಸಿರುವ ನಮ್ಮವರ ಮನೆಗಳಲ್ಲಿ, 18 ತುಂಬಿದ ಮಗನ ಹೆಸರು ಸೈನ್ಯಸೇವೆಯ ಪಟ್ಟಿಗೆ ಸೇರಿತೆಂದೊಡನೆ, ಅವನು ದಂಡಿಗೇ ಹೋದನೆಂದು ತಾಯಂದಿರು ಕಂಗೆಡುವುದನ್ನು ನಾವು ಬಲ್ಲೆವು. ಇದು ಬರಿಯ ಭ್ರಮೆ. ಅಲ್ಲಿ ಕಡ್ಡಾಯದ ಭರ್ತಿ 1973ರಲ್ಲಿಯೇ ನಿಂತಿತು. 1980ರಲ್ಲಿ ಮರಳಿ ತೊಡಗಿದುದು ಹೆಸರಿನ ದಾಖಲೆ ಮಾತ್ರ. ಅಲ್ಲಿಯ ಶಾಸನಸಭೆಯು ಹೊಸದಾಗಿ ಕಾನೂನು ಮಾಡಿದ ಹೊರತು ಯಾರನ್ನೂ ಕರೆಯಲಾಗದು. ಪೌರನಲ್ಲದಿದ್ದರೂ ಗ್ರೀನ್ ಕಾರ್ಡು ಪಡೆದಿರುವ, 18ರಿಂದ 25 ವರುಷದ ತರುಣನಿಗೂ ಈ ದಾಖಲೆ ತಪ್ಪದು. ಅಂಜಿ ತಪ್ಪಿಸಿಕೊಂಡವನಿಗೆ ಮುಂದೆ ಪೌರತ್ವಕ್ಕೇ ತೊಡಕಾದೀತು.

ಶಾಲೆಗೆ ಬರುವ ಸೈನ್ಯಭರ್ತಿಯ ಅಧಿಕಾರಿಯ ಕೆಲಸವೇ ಬೇರೆ. ಅವನಿಗೆ ಬಲಾತ್ಕಾರದ ಅಧಿಕಾರವಿಲ್ಲ. ಮಾತಿನ ಮೋಡಿಯುಂಟು, ಅಷ್ಟೆ! ಅವನು ಬಾಯಲ್ಲಿ ಕೊಟ್ಟ ಭರವಸೆಯು ಕರಾರುಪತ್ರದಲ್ಲಿ ಬರೆದಿರದಿದ್ದರೆ ಊರ್ಜಿತವಲ್ಲ. ಹುಡುಗನಿಗೆ 17 ಆಗಿದ್ದರೆ ತಂದೆತಾಯಿಗಳ ರುಜುವೂ ಬೇಕು. ಆ ಕಾಗದವನ್ನು ಓದದೆ ರುಜುಮಾಡದಿರಿ.