‘ಯೆಸ್’ ಒತ್ತುವ ಮುಂಚೆ

ಕಳೆದ ಮೇ ರಜೆಯಲ್ಲಿ ಪುಣೆ ಜಿಲ್ಲೆಯ ಭೋರಿಗೆ ಹೋಗಿದ್ದೆ. ಅಲ್ಲಿ ನಮ್ಮ ಸೋದರಮಾವನ ಕಿರಾಣಿ ಅಂಗಡಿಯಿದೆ. ‘ಕಾಮರ್ಸ್ ಓದ್ತೀಯಲ್ಲ, ಲೆಕ್ಕ ನೋಡ್ಕೋ’ ಅಂತ ಮಾವ ಕಂಪ್ಯೂಟರ್ ಮುಂದೆ ಕೂರಿಸಿದರು. ಮೂರನೆಯ ದಿನ ಇ-ಮೇಲಿನಲ್ಲಿ ಒಂದು ಬಿಲ್ಲು ಬಂತು. ತೆರೆದೆ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಪ್ರಶ್ನೆ. ಕನ್ನಡ ಮೀಡಿಯಮ್ಮಿನಲ್ಲಿ ಓದಿ ಬಂದವನು ನಾನು. ನಿಧಾನವಾಗಿ ಓದಿದ್ದರೆ ತಿಳಿಯುತ್ತಿತ್ತು. ಆದರೆ ಪಕ್ಕದಲ್ಲೇ ಮಾವ ನಿಂತಿದ್ದರು. ತಡವರಿಸಿದರೆ ಏನೆಂದುಕೊಂಡಾರೋ ಎಂದು ತಟ್ಟನೆ ‘ಯೆಸ್’ ಒತ್ತಿಬಿಟ್ಟೆ. ಸಂಜೆಯ ಹೊತ್ತಿಗೆ ಲೆಕ್ಕದ ಒಂದು ಫೈಲೂ ತೆರೆಯಲಿಲ್ಲ.

ಆ ಪ್ರಶ್ನೆ ಕೇಳಿದ್ದಿಷ್ಟೆ: ‘ಈ ಪ್ರೋಗ್ರಾಂ ನಿಮ್ಮ ಯಂತ್ರದಲ್ಲಿ ಬದಲಾವಣೆ ಮಾಡಬಹುದೆ?’ ಬರೀ ಬಿಲ್ಲು ನೋಡುವುದಕ್ಕೆ ಯಂತ್ರವನ್ನೇಕೆ ಬದಲಾಯಿಸಬೇಕು? ಅದು ಬಿಲ್ಲೇ ಅಲ್ಲ. ಹೆಸರಿನ ಕೊನೆಗೆ ‘ಪಿಡಿಎಫ್’ ಎಂದು ಕಂಡರೂ ಅದರಾಚೆ ‘ಇಎಕ್ಸ್‌ಇ’ ಎಂಬ ಇನ್ನೊಂದು ಬಾಲವಿತ್ತು. ನಾವು ಸೆಟ್ಟಿಂಗ್ ಬದಲಿಸದಿದ್ದರೆ ವಿಂಡೋಸ್ ಆ ಬಾಲವನ್ನು ತೋರಿಸುವುದಿಲ್ಲ.

ಒಳಹೊಕ್ಕ ಕೇಡಿ ಪ್ರೋಗ್ರಾಂ ಸಾಮಾನ್ಯವಾಗಿ ತನ್ನದೊಂದು ಪ್ರತಿಯನ್ನು ಯಾರೂ ಇಣುಕದ ಫೋಲ್ಡರಿನಲ್ಲಿ ಇಡುತ್ತದೆ. ಯಂತ್ರದೊಡನೆ ತಾವಾಗಿ ಶುರುವಾಗಬೇಕಾದ ಪ್ರೋಗ್ರಾಂಗಳ ಪಟ್ಟಿಯೊಂದು ವಿಂಡೋಸಿನಲ್ಲಿದೆ. ಅದರಲ್ಲಿ ತನ್ನ ಹೆಸರನ್ನೂ ಸೇರಿಸಿಕೊಳ್ಳುತ್ತದೆ. ಹೀಗಾಗಿ ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದರೂ ಪೀಡೆ ತೊಲಗದು. ಕೆಲವು ನಾವು ಒತ್ತುವ ಅಕ್ಷರಗಳನ್ನೆಲ್ಲ ಬರೆದಿಟ್ಟು, ಪಾಸ್‌ವರ್ಡುಗಳನ್ನು ಇಂಟರ್‌ನೆಟ್ ಮೂಲಕ ಒಡೆಯನಿಗೆ ಕಳಿಸುತ್ತವೆ. ಇನ್ನು ಕೆಲವು ಫೈಲುಗಳನ್ನು ಗುಪ್ತಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳುತ್ತವೆ. ನಮಗೆ ಗಂಟುಬಿದ್ದದ್ದು ಈ ಜಾತಿಯದು.

ಅದೇ ಜಿಲ್ಲೆಯಲ್ಲಿ ದೊಡ್ಡ ಬ್ಯಾಂಕೇ ಇಂಥದಕ್ಕೆ ಸಿಕ್ಕಿದೆ. ೨೦೧೮ರ ಆಗಸ್ಟಿನಲ್ಲಿ ಪುಣೆಯ ಕಾಸ್ಮೊಸ್ ಸಹಕಾರಿ ಬ್ಯಾಂಕಿಗೆ ಹೊಕ್ಕ ಕೇಡಿ ಪ್ರೋಗ್ರಾಂ, ‘ಹಣ ಕೊಡಲೆ?’ ಎಂಬ ಎಟಿಎಮ್ಮಿನ ಪ್ರಶ್ನೆ ಬ್ಯಾಂಕಿನ ಖಾತೆಯವರೆಗೆ ಹೋಗದಂತೆ ನಡುವೆ ನಿಂತು, ತಾನೇ ‘ಕೊಡು’ ಎಂದಿತು. ಲೆಡ್ಜರ್ ನೋಡದೆ ವೋಚರ್ ಪಾಸ್ ಮಾಡುವ ಕಳ್ಳ ಗುಮಾಸ್ತನ ಹಾಗೆ! ೨೮ ದೇಶಗಳ ಎಟಿಎಮ್ಮುಗಳಿಂದ ಹಣ ಹೋಯಿತು. ಎರಡು ದಿನದ ಮೇಲೆ ಹಾಂಗ್‌ಕಾಂಗಿನ ಖಾತೆಯೊಂದಕ್ಕೂ ಹೋಯಿತು. ಒಟ್ಟು ೯೪ ಕೋಟಿ ರೂಪಾಯಿಗೂ ಮಿಕ್ಕಿ.

ಮಾವ ಬೈಯಲಿಲ್ಲ; ಅದೇ ಹೆಚ್ಚು ಚುಚ್ಚಿತು. ಮಾರ್ಚ್ ಕೊನೆಯವರೆಗಿನ ಲೆಕ್ಕದ ಪ್ರತಿ ಕಪಾಟಿನೊಳಗಿನ ಪೆನ್‌ಡ್ರೈವಿನಲ್ಲಿತ್ತು. ಯಂತ್ರಕ್ಕೆ ಸಿಕ್ಕಿಸಿರಲಿಲ್ಲವಾಗಿ ಅದಷ್ಟು ಉಳಿಯಿತು. ಯಂತ್ರವನ್ನು ಪೂರ್ತಿ ಅಳಿಸಿ, ವಿಂಡೋಸನ್ನು ಹೊಸದಾಗಿ ಹಾಕಿಸಿ, ಉಳಿದ ಲೆಕ್ಕವನ್ನು ಕಾಗದದ ಬಿಲ್ಲು ನೋಡಿ ರಜೆ ಮುಗಿಯುವವರೆಗೂ ಬರೆದೆ. ಫೈಲಿನ ಬಾಲ ಕಾಣುವಂತೆ ಸೆಟ್ಟಿಂಗನ್ನೂ ಬದಲಿಸಿದೆ.

ಈಗ ಅಂಥ ಪ್ರಶ್ನೆ ಬಂದರೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದುತ್ತೇನೆ, ಗೆಳೆಯರೇ. ಪಕ್ಕದಲ್ಲಿ ಯಾರು ನಿಂತಿದ್ದರೂ ಸರಿಯೆ.